ಒತ್ತಕ್ಷರಕ್ಕೂ ಜಾಗ ಬೇಕು

ಆನಗೋಡು ಸುತ್ತಿನ ಪ್ರೌಢಶಾಲೆ ಮಕ್ಕಳಿಗೆ ವೆಬ್ ಪುಟ ಮಾಡುವುದನ್ನು ಕಲಿಸುತ್ತ ಬಂದಿದ್ದೇನೆ. ಎಂಟು ಮತ್ತು ಒಂಬತ್ತನೇ ತರಗತಿಯವರು. ಹತ್ತನೆಯವರನ್ನು ಎಸ್ಸೆಸ್ಸೆಲ್ಸಿ ಬಿಟ್ಟುಕೊಡುವುದಿಲ್ಲ. ಹೆಚ್ಚಿನವರು ಕನ್ನಡ ಮಾಧ್ಯಮದವರು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಫೋನ್ ಇದೆ. ದಾವಣಗೆರೆಯ ಕಂಪ್ಯೂಟರ್ ಸೆಂಟರಿನ ನೋಟ್ಸನ್ನೇ ಇಲ್ಲಿಗೆ ತಂದು ಓದಿಸಿದರೆ ಮಕ್ಕಳು ಟ್ಯಾಗ್‌ಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ, ಪುಟ ಮಾತ್ರ ಹುಟ್ಟುವುದಿಲ್ಲ. ಈ ಕೆಲಸಕ್ಕೆ ಇಳಿಯುವ ಬೇರೆ ಮೇಷ್ಟ್ರು, ಮೇಡಂಗಳಿಗಾಗಿ ನಾಲ್ಕು ಮಾತು ಬರೆದಿಟ್ಟಿದ್ದೇನೆ.

1. ನೋಟ್‌ಪ್ಯಾಡ್ ಸಾಕು, ನೆಟ್ ಆಮೇಲೆ.

ಲ್ಯಾಬಿನಲ್ಲಿ ನೆಟ್ ಇದ್ದರೂ ಮೊದಲ ಕೆಲವು ವಾರ ಮುಟ್ಟಬೇಡಿ. ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು, ಎಚ್‌ಟಿಎಮ್‌ಎಲ್ ಫೈಲಾಗಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಪುಟ ಬಂತು. ಎಳೆದು ಜೋಡಿಸುವ ರೆಡಿಮೇಡ್ ಟೆಂಪ್ಲೇಟುಗಳನ್ನು ಮೊದಲೇ ತೋರಿಸಿದರೆ ಮಕ್ಕಳು ಫೋಟೋ ಬದಲಿಸುವುದರಲ್ಲೇ ಇಡೀ ಅವಧಿ ಕಳೆಯುತ್ತಾರೆ. ಒಂದು ತೊಡಕಿದೆ: ವಿಂಡೋಸ್ ಫೈಲಿನ ಹೆಸರಿನ ಕೊನೆಯ ಭಾಗವನ್ನು ಮುಚ್ಚಿಡುತ್ತದೆ. ಹೀಗಾಗಿ ಮಗು ಎಚ್‌ಟಿಎಮ್‌ಎಲ್ ಎಂದು ಬರೆದರೂ ಅದರ ಹಿಂದೆ ಟಿಎಕ್ಸ್‌ಟಿ ಗುಟ್ಟಾಗಿ ಅಂಟಿಕೊಂಡಿರುತ್ತದೆ, ಬ್ರೌಸರಿನಲ್ಲಿ ಬರೀ ಟ್ಯಾಗ್‌ಗಳೇ ಕಾಣುತ್ತವೆ. ತರಗತಿಗೆ ಮುಂಚೆಯೇ ಎಲ್ಲ ಯಂತ್ರಗಳಲ್ಲಿ ಆ ಸೆಟ್ಟಿಂಗ್ ಬದಲಿಸಿಡಿ. ಕರೆಂಟ್ ಹೋಗುವ ಊರಿನಲ್ಲಿ ಕಂಟ್ರೋಲ್-ಎಸ್ ಒತ್ತುವುದನ್ನು ಯಾರಿಗೂ ಎರಡನೇ ಸಲ ಹೇಳಬೇಕಾಗಿಲ್ಲ.

2. ಮೊದಲ ಸಾಲೇ ಕನ್ನಡದಲ್ಲಿರಲಿ.

‘ಹಲೋ ವರ್ಲ್ಡ್’ ಬೇಡ. ಮಗು ತನ್ನ ಊರಿನ ಹೆಸರನ್ನು ಕನ್ನಡದಲ್ಲಿ ಬರೆಯಲಿ. ಬರೆದ ಕೂಡಲೇ ತೊಂದರೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಪಾಠ ಇರುವುದು ಅವುಗಳಲ್ಲೇ.

ಹಳೆಯ ವಿಂಡೋಸಿನ ನೋಟ್‌ಪ್ಯಾಡ್ ತಾನಾಗಿ ಯುಟಿಎಫ್-8ರಲ್ಲಿ ಉಳಿಸುವುದಿಲ್ಲ. 2019ರ ವಿಂಡೋಸ್ 10 ಅಪ್‌ಡೇಟಿನ ನಂತರವಷ್ಟೇ ಅದು ರೂಢಿಯಾಯಿತು. ಅದಕ್ಕೂ ಹಳೆಯ ಯಂತ್ರದಲ್ಲಿ ಎನ್ಕೋಡಿಂಗ್ ಆರಿಸದೆ ಉಳಿಸಿದರೆ ಊರಿನ ಹೆಸರಿದ್ದ ಕಡೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಸರಿಯಾಗಿ ಉಳಿಸಿದ ಮೇಲೂ, ಪುಟದ ತಲೆಯಲ್ಲಿ ಇದು ಯುಟಿಎಫ್-8 ಎಂದು ಬ್ರೌಸರಿಗೆ ತಿಳಿಸದಿದ್ದರೆ ಎಂದೂ ಕಾಣದ ಗುರುತುಗಳು ತೆರೆ ತುಂಬ ಹರಡಬಹುದು. “ಸರ್, ನಮ್ಮೂರು ಹಾಳಾಗೇತ್ರೀ” ಎಂದು ಒಬ್ಬ ಕೂಗಿದ. ಆ ಒಂದು ಸಾಲನ್ನು ಸೇರಿಸಿದಾಗ ಊರು ವಾಪಸ್ ಬಂತು. ಆ ಮೆಟಾ ಟ್ಯಾಗ್ ಏಕೆ ಬೇಕೆಂದು ಆ ತಂಡಕ್ಕೆ ನಾನು ವಿವರಿಸಲೇ ಇಲ್ಲ.

ಇದಕ್ಕಿಂತ ಕಗ್ಗಂಟು ನುಡಿ ಫಾಂಟಿನದು. ಶಾಲೆಯ ಸುತ್ತೋಲೆ, ಲಗ್ನಪತ್ರಿಕೆ, ಸಂಘದ ವರದಿ ಎಲ್ಲವೂ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲೇ ತಯಾರಾಗುತ್ತವೆ. ಅದನ್ನು ನಕಲು ಮಾಡಿ ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟುಗಳಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರದ ಸಂಖ್ಯೆ. ಕನ್ನಡ ಎಂಬುದು ಮೇಲೆ ತೊಡಿಸಿದ ಚಿತ್ರ ಮಾತ್ರ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಸಂಖ್ಯೆಗಳಿವೆ: ‘ಅ’ ಎಂದರೆ 3205, ‘ಆ’ 3206, ‘ಕ’ 3221. ‘ಕ್ಷ’ ಒಂದೇ ಅಕ್ಷರದಂತೆ ಕಂಡರೂ ಒಳಗೆ ಕ, ವಿರಾಮ, ಷ ಎಂಬ ಮೂರು ಸಂಖ್ಯೆ. ‘ಆನಗೋಡು’ ಬರೆಯಲು ನಮಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಆರು ಸಂಖ್ಯೆ. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ 18 ಬೈಟ್. ಪ್ರತಿಯೊಬ್ಬರೂ ತಮ್ಮ ಹೆಸರನ್ನು ಹೀಗೆ ಬಿಡಿಸಲಿ. ಗುಣಿತಾಕ್ಷರ, ಸಂಯುಕ್ತಾಕ್ಷರ ಅಂತ ಪ್ರಾಥಮಿಕ ಶಾಲೆಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುವುದನ್ನು ಕಂಡು ಕನ್ನಡದ ಮೇಡಂ ನನ್ನ ತರಗತಿಗೆ ಬಂದು ಕೂತದ್ದುಂಟು. ಆ ದಿನದ ಪಾಠವನ್ನು ಅವರೇ ಮುಗಿಸಿದರು, ನನಗಿಂತ ಚೆನ್ನಾಗಿ.

ಟೈಪಿಂಗಿಗೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೀಲಿಮಣೆಯನ್ನೇ ಹಿಡಿಸಿ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಅಭ್ಯಾಸದವರು ಎರಡು ವಾರ ಗೊಣಗುತ್ತಾರೆ. ಗೊಣಗಲಿ.

3. ಸಾಲಿನ ನಡುವೆ ಉಸಿರಾಡಲು ಬಿಡಿ.

ವೆಬ್ ವಿನ್ಯಾಸದ ಪುಸ್ತಕಗಳು ಇಂಗ್ಲಿಷ್ ಅಕ್ಷರವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದವು. ಅಲ್ಲಿಯ ಅಳತೆ ಇಲ್ಲಿಗೆ ಒಗ್ಗುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ಸಂಸ್ಕೃತಿ’, ‘ರಾಷ್ಟ್ರ’ ಎಂದು ಬರೆದು ಕೆಳಗೊಂದು ಸಾಲು ಸೇರಿಸಿ ನೋಡಿ: ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುವಂತಿರುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇಟ್ಟರೆ ಓದಲು ಹಿತ. ಈ ಸಂಖ್ಯೆಯನ್ನು ಮೊದಲೇ ಹೇಳಬೇಡಿ, ಮಕ್ಕಳೇ ಏರಿಸಿ ಇಳಿಸಿ ಕಂಡುಕೊಳ್ಳಲಿ.

ಇನ್ನೂ ಕೆಲವಿವೆ. ಅಕ್ಷರವನ್ನು ಓರೆ ಮಾಡುವುದು ಕನ್ನಡದ ಬರವಣಿಗೆಯಲ್ಲಿ ಬೆಳೆದು ಬಂದದ್ದಲ್ಲ. ಬ್ರೌಸರ್ ಬಲವಂತವಾಗಿ ವಾಲಿಸಿದಾಗ ಅಕ್ಷರ ಬೀಳುವಂತೆ ಕಾಣುತ್ತದೆ. ಸಣ್ಣ ಗಾತ್ರದಲ್ಲಿ ದಪ್ಪ ಮಾಡಿದರೆ ‘ಭ’, ‘ಥ’, ‘ಧ’ಗಳ ಹೊಟ್ಟೆ ತುಂಬಿ ಯಾವುದು ಯಾವುದೆಂದು ತಿಳಿಯದು. ಎರಡೂ ಅಂಚು ಸಮ ಮಾಡುವುದು ಪತ್ರಿಕೆಯ ಅಗಲ ಕಾಲಮ್ಮಿಗೆ ಸರಿ. ಫೋನಿನಲ್ಲಿ ‘ಜಿಲ್ಲಾಧಿಕಾರಿಗಳಿಂದ’, ‘ಅಭಿವೃದ್ಧಿಪಡಿಸಲಾಗುತ್ತಿದೆ’ ಎಂಬಂಥ ಉದ್ದ ಪದಗಳು ಬಂದಾಗ ಸಾಲಿಗೆ ಎರಡೇ ಪದ ಉಳಿದು, ನಡುವೆ ದೊಡ್ಡ ಬಯಲು ಬೀಳುತ್ತದೆ. ಎಡಕ್ಕೆ ಹೊಂದಿಸಿ ಬಿಟ್ಟುಬಿಡಿ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಸಾಕು. ಶೀರ್ಷಿಕೆಗೆ ಆಸೆಪಟ್ಟರೆ ಬಲೂ ತಮ್ಮ. ಮಕ್ಕಳಿಗೆ ಅದರ ದುಂಡು ಇಷ್ಟ.

4. ಮಾರ್ಕ್ವೀ ಬೇಡ ಎನ್ನಬೇಡಿ, ಓದಿಸಿ.

ಅಕ್ಷರ ಅತ್ತಿಂದಿತ್ತ ಓಡುವ ಮಾರ್ಕ್ವೀ ಟ್ಯಾಗು ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದ್ದು, ಅಧಿಕೃತ ಮಾನದಂಡ ಅದನ್ನು ಬಳಸಲು ಒಪ್ಪುವುದಿಲ್ಲ. ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರಲ್ಲೇ ಬಂದರೂ, ಬಣ್ಣಕ್ಕೆ ಫಾಂಟ್ ಟ್ಯಾಗು, ನಡುವೆ ನಿಲ್ಲಿಸಲು ಸೆಂಟರ್ ಟ್ಯಾಗು ಕಲಿಸುವ ನೋಟ್ಸ್‌ಗಳು ಇನ್ನೂ ಜೆರಾಕ್ಸ್ ಆಗುತ್ತಲೇ ಇವೆ. ಅಣ್ಣ, ಅಕ್ಕಂದಿರ ನೋಟ್ಸ್ ನೋಡಿಕೊಂಡು ಬಂದ ಮಕ್ಕಳು ಮೊದಲ ದಿನವೇ ಕೆಂಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಓಡಿಸುತ್ತಾರೆ. ಥೇಟ್ ದುಗ್ಗಮ್ಮನ ಜಾತ್ರೆಯ ಫ್ಲೆಕ್ಸ್. ಬೈದರೆ ಪ್ರಯೋಜನವಿಲ್ಲ. ಪುಟವನ್ನು ಫೋನಿಗೆ ಹಾಕಿ ಬಿಸಿಲಿಗೆ ಕಳುಹಿಸಿ, ಗೇಟಿನ ಹತ್ತಿರ ನಿಂತವರ ಕೈಗೆ ಕೊಟ್ಟು ಓದಿಸಲಿ. “ಏನವ್ವಾ, ಓಡಿಹೋಗ್ತೈತಲ್ಲ ಇದು, ಹೆಂಗ್ ಓದ್ಲಿ?” ಎಂಬ ಒಂದು ಮಾತು ನನ್ನ ಹತ್ತು ಮಾತಿಗೆ ಸಮ. ಪುಟ ಮಾಡಿದ ಹುಡುಗಿ ಒಳಗೆ ಬಂದು ಮಾರ್ಕ್ವೀಯನ್ನು ತಾನೇ ಅಳಿಸಿದಳು. ಕೆಂಪು, ಹಳದಿ ಉಳಿಸಿಕೊಂಡಳು. ಅದು ಅವಳ ಹಕ್ಕು.

5. ಮೌಸ್ ಯಾರ ಕೈಯಲ್ಲಿದೆ ನೋಡಿ.

ಒಂದು ಯಂತ್ರಕ್ಕೆ ಮೂವರು ಕೂತರೆ ಮೌಸ್ ಒಬ್ಬನ ಕೈಯಲ್ಲೇ ಉಳಿಯುತ್ತದೆ, ಆ ಒಬ್ಬ ಸಾಮಾನ್ಯವಾಗಿ ಹುಡುಗ. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುವ ನಿಯಮ ಮಾಡಿ, ಗಡಿಯಾರ ನೋಡುವ ಜವಾಬ್ದಾರಿಯನ್ನು ಮಕ್ಕಳಿಗೇ ಕೊಡಿ. ಉಳಿದ ಇಬ್ಬರಿಗೆ ಕಾಗದದ ಕೆಲಸವಿರಲಿ: ಪುಟವನ್ನು ಚೌಕುಳಿ ಹಾಳೆಯಲ್ಲಿ ಬಿಡಿಸುವುದು, ಸ್ಪೆಲ್ಲಿಂಗ್ ನೋಡುವುದು. ಸ್ಪೆಲ್ಲಿಂಗಿನಲ್ಲೊಂದು ತಮಾಷೆಯಿದೆ. ಬಣ್ಣಕ್ಕೆ ಇಂಗ್ಲಿಷ್ ಪಾಠದಲ್ಲಿ ‘ಯು’ ಸೇರಿಸಿ ಬರೆಯಬೇಕು, ಸಿಎಸ್‌ಎಸ್‌ನಲ್ಲಿ ಸೇರಿಸಿದರೆ ಬಣ್ಣವೇ ಬರುವುದಿಲ್ಲ. ಇಂಗ್ಲಿಷಿನಲ್ಲಿ ಮುಂದಿರುವವರೇ ಇಲ್ಲಿ ಹೆಚ್ಚು ಮುಗ್ಗರಿಸುವುದನ್ನು ಕಂಡು ಹಿಂದಿನ ಬೆಂಚಿಗೆ ಖುಷಿ.

6. ವಿಷಯ ಊರಿನದೇ ಆಗಲಿ, ಆದರೆ ನಾಳೆಯೂ ನಿಜವಾಗಿರುವುದಾಗಲಿ.

ತಾಜ್‌ಮಹಲ್, ಸೌರವ್ಯೂಹ ಕೊಟ್ಟರೆ ನಕಲು ಗ್ಯಾರಂಟಿ. ನಮ್ಮ ಮಕ್ಕಳು ಮೊದಲು ಆರಿಸಿದ್ದು ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳದ ದರ. ಮನೆಯಲ್ಲಿ ದಿನವೂ ಕೇಳುವ ಮಾತು ಅದೇ, ಆಯ್ಕೆ ಸಹಜ. ನಾನು ಕೇಳಿದ್ದಿಷ್ಟೇ: ನಾಳೆಯ ದರ ಯಾರು ಹಾಕುತ್ತೀರಿ? ದಸರಾ ರಜೆಯಲ್ಲಿ? ಹಳೆಯ ದರ ನೋಡಿಕೊಂಡು ಯಾರಾದರೂ ಲೋಡು ತುಂಬಿದರೆ? ದೊಡ್ಡ ದೊಡ್ಡ ಇಲಾಖೆಗಳ ಜಾಲತಾಣಗಳಲ್ಲೇ ಎಂದೋ ವರ್ಗವಾಗಿ ಹೋದ ಅಧಿಕಾರಿಯ ಹೆಸರು ಉಳಿದಿರುತ್ತದೆ. ಮಕ್ಕಳಿಗೆ ಅದನ್ನು ತೋರಿಸಿದೆ. ದರದ ಪುಟ ಕೈಬಿಟ್ಟು, ತೇವ ಹೆಚ್ಚಿದ್ದರೆ ದರ ಏಕೆ ಕಡಿಮೆಯಾಗುತ್ತದೆ, ಒಣಗಿಸುವುದು ಹೇಗೆ ಎಂಬ ಪುಟ ಮಾಡಿದರು. ಅದು ಮುಂದಿನ ಸುಗ್ಗಿಗೂ ನಡೆಯುತ್ತದೆ.

ಆನಗೋಡಿನ ಬಳಿಯ ಇಂದಿರಾ ಪ್ರಿಯದರ್ಶಿನಿ ಮೃಗಾಲಯ ಒಳ್ಳೆಯ ವಿಷಯ. ಹೆದ್ದಾರಿಯಲ್ಲಿ ಹೋಗುವವರಿಗೆ ಬೇಕಾದ ಮಾಹಿತಿ, ಮಕ್ಕಳು ಹೋಗಿ ಕೇಳಿ ತರಬಹುದಾದದ್ದು. 1992ರಲ್ಲಿ ಗೋಲಿಬಾರಿಗೆ ಬಲಿಯಾದ ರೈತರ ಇಲ್ಲಿನ ಸ್ಮಾರಕ ಇನ್ನೂ ಗಟ್ಟಿಯಾದ ವಿಷಯ. ಹಿರಿಯರ ಹತ್ತಿರ ಕೇಳಿದರೆ ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ಯಾವುದನ್ನು ಹಾಕುವುದು ಎಂಬ ಜಗಳ ತರಗತಿಯಲ್ಲಿ ಜೋರಾಗಿಯೇ ನಡೆಯಿತು. ನಾನು ತೀರ್ಪು ಕೊಡಲಿಲ್ಲ. ಎಲ್ಲರೂ ಒಪ್ಪುವುದನ್ನು ಮೇಲೆ, ಒಬ್ಬರೇ ಹೇಳಿದ್ದನ್ನು ‘ಹಿರಿಯರೊಬ್ಬರ ನೆನಪು’ ಎಂಬ ತಲೆಬರಹದ ಕೆಳಗೆ ಹಾಕಿದರು. ಎಚ್2, ಎಚ್3 ತಲೆಬರಹಗಳು ಅಕ್ಷರ ದೊಡ್ಡದು ಮಾಡಲು ಅಲ್ಲ, ವಿಷಯವನ್ನು ವಿಂಗಡಿಸಲು ಇವೆ ಎಂಬುದು ಅಂದು ತಾನಾಗಿ ತಲೆಗೆ ಹೋಯಿತು.

ಮಕ್ಕಳ ಫೋಟೋ, ಫೋನ್ ನಂಬರ್, ಮನೆ ವಿಳಾಸ ಯಾವ ಪುಟದಲ್ಲೂ ಬೇಡ. ಇದರಲ್ಲಿ ಚರ್ಚೆಯಿಲ್ಲ.

7. ಫೈಲಿನ ಹೆಸರಿಗೆ ಶಿಸ್ತು ಬೇಕು.

ಸಣ್ಣ ಇಂಗ್ಲಿಷ್ ಅಕ್ಷರ, ನಡುವೆ ಖಾಲಿ ಜಾಗವಿಲ್ಲ. ವಿಂಡೋಸಿಗೆ ದೊಡ್ಡ ‘ಎ’, ಸಣ್ಣ ‘ಎ’ ಎರಡೂ ಒಂದೇ. ಪುಟ ಕೊನೆಗೆ ಕೂರುವ ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಲ್ಯಾಬಿನಲ್ಲಿ ಕಂಡ ಜಿಂಕೆಯ ಚಿತ್ರ ನೆಟ್‌ಗೆ ಏರಿದ ಮೇಲೆ ಕಾಣೆಯಾದರೆ ಮೊದಲು ಇದನ್ನೇ ನೋಡಿ. ಚಿತ್ರದ ವಿಳಾಸ ‘ಸಿ’ ಡ್ರೈವಿನಿಂದ ಶುರುವಾಗಿದ್ದರೆ ಅದು ಆ ಒಂದು ಯಂತ್ರದಲ್ಲಷ್ಟೇ ಕಾಣುತ್ತದೆ.

8. ಪರೀಕ್ಷೆ ನಡೆಯುವುದು ಫೋನಿನಲ್ಲಿ.

ವ್ಯೂಪೋರ್ಟ್ ಸಾಲು ಬರೆಯದಿದ್ದರೆ ಫೋನಿನ ಬ್ರೌಸರ್ ತನ್ನ ತೆರೆ ಸುಮಾರು 980 ಪಿಕ್ಸೆಲ್ ಅಗಲವಿದೆಯೆಂದು ಭಾವಿಸಿ, ಇಡೀ ಪುಟವನ್ನು ಕುಗ್ಗಿಸಿ ಇರುವೆ ಸಾಲಿನಂತೆ ತೋರಿಸುತ್ತದೆ. ಫೋನಿನಲ್ಲಿ ತೆಗೆದ ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. 800 ಪಿಕ್ಸೆಲ್ ಅಗಲಕ್ಕೆ ಇಳಿಸಿದರೆ ನೂರಿನ್ನೂರು ಕೆಬಿಗೆ ಬರುತ್ತದೆ, ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಪುಟ ಮುಗಿದ ಮೇಲೆ ಅದನ್ನು ಮನೆಯ ಹಿರಿಯರ ಕೈಗೆ ಕೊಟ್ಟು, “ಮೃಗಾಲಯಕ್ಕೆ ಹೋಗೋದು ಹೇಗೆ ಅಂತ ಇದರಲ್ಲಿ ಹುಡುಕು” ಎಂದು ಕೇಳಬೇಕು. ಕೇಳಿದ ಮೇಲೆ ಬಾಯಿ ಬಿಡಬಾರದು, ಬೆರಳು ತೋರಿಸಬಾರದು. ಎಲ್ಲಿ ತಡವರಿಸಿದರು ಎಂದು ಬರೆದುಕೊಂಡು ಬರಬೇಕು. ಅಂಕ ಕೊಡುವುದು ಆ ಚೀಟಿ ನೋಡಿ, ಪುಟದ ಅಂದಕ್ಕಲ್ಲ.

9. ಎಐ ಬರೆದುಕೊಟ್ಟರೆ ಒಂದು ಸಾಲು ಬದಲಿಸಲು ಹೇಳಿ.

ಈಗ ಫೋನಿನಲ್ಲಿ ಕೇಳಿದರೆ ಇಡೀ ಪುಟವೇ ಬರುತ್ತದೆ. ತಡೆಯಲು ಹೋಗುವುದಿಲ್ಲ. ಎದುರಿಗೆ ಕೂರಿಸಿ, ಆ ಬಟನ್ನನ್ನು ಕೆಳಗೆ ತಾ, ಒತ್ತಕ್ಷರ ತಾಗದಂತೆ ಮಾಡು ಎನ್ನುತ್ತೇನೆ. ಮಾಡಿದರೆ ಪುಟ ಅವರದು.

10. ಖಾತೆ ಯಾರ ಹೆಸರಿನಲ್ಲಿದೆ?

ಉಚಿತ ಹೋಸ್ಟಿಂಗಿನ ಖಾತೆಯನ್ನು ಸಾಮಾನ್ಯವಾಗಿ ಮೇಷ್ಟ್ರ ಹೆಸರಿನಲ್ಲಿ ತೆರೆಯುತ್ತೇವೆ. ಮೇಷ್ಟ್ರಿಗೆ ವರ್ಗಾವಣೆಯಾಗುತ್ತದೆ, ಸಿಮ್ ಬದಲಾಗುತ್ತದೆ, ಪಾಸ್‌ವರ್ಡ್ ಮರೆತುಹೋಗುತ್ತದೆ, ಮಕ್ಕಳ ಪುಟ ಯಾರೂ ತಿದ್ದಲಾಗದೆ ನಿಂತುಬಿಡುತ್ತದೆ. ಶಾಲೆಯ ಹೆಸರಿನಲ್ಲೊಂದು ಇಮೇಲ್ ಮಾಡಿಸಿ, ಖಾತೆ ಅದರಲ್ಲಿರಲಿ. ಎಲ್ಲ ಫೈಲುಗಳ ಪ್ರತಿ ಒಂದು ಪೆನ್‌ಡ್ರೈವಿನಲ್ಲಿ, ಪಾಸ್‌ವರ್ಡ್ ಒಂದು ಮುಚ್ಚಿದ ಲಕೋಟೆಯಲ್ಲಿ ಹೆಡ್‌ಮಾಸ್ಟರ ಬೀರುವಿನಲ್ಲಿರಲಿ. ಪೆನ್‌ಡ್ರೈವನ್ನು ಸ್ಟಾಕ್ ರಿಜಿಸ್ಟರಿಗೆ ಹತ್ತಿಸುವುದನ್ನು ಮರೆಯಬೇಡಿ. ಹತ್ತಿಸಿದರೆ ಚಾರ್ಜ್ ಕೊಡುವಾಗ ಹೊಸ ಮೇಷ್ಟ್ರು ಅದನ್ನು ಎಣಿಸಿಕೊಂಡೇ ಸಹಿ ಹಾಕುತ್ತಾರೆ.