ಬ್ರೇಕ್ ಕೈಕೊಟ್ಟರೆ ಖರ್ಚು ಯಾರದು?

ಪಾಣೆಮಂಗಳೂರಿನಲ್ಲಿ ನೇತ್ರಾವತಿ ದಾಟಿ ಮುಂದೆ ಬಂದರೆ ಮೆಲ್ಕಾರ್. ಮಂಗಳೂರು–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಮುಡಿಪು ಕಡೆಯ ರಸ್ತೆ ಸೇರುವ ಜಾಗ. ಬಸ್ಸು, ಟ್ಯಾಂಕರ್, ರಿಕ್ಷಾಗಳ ನಡುವೆ ಕಾರಿನ ಬ್ರೇಕ್ ಪೆಡಲ್ ತಟ್ಟನೆ ತಳ ಮುಟ್ಟಿದರೆ ಮೊದಲು ಉಳಿಯಬೇಕಾದದ್ದು ಜೀವ. ಅದು ಉಳಿದ ಮೇಲೆ ಖರ್ಚಿನ ಪ್ರಶ್ನೆ ಬರುತ್ತದೆ. ಅದಕ್ಕೆ ಕಾನೂನಿನಲ್ಲಿ ಉತ್ತರವಿದೆ, ಆದರೆ ಪುರಾವೆ ಇಲ್ಲದವರಿಗೆ ಆ ಉತ್ತರ ಸಿಗುವುದಿಲ್ಲ. ಕೆಟ್ಟ ಬಿಡಿಭಾಗ ಗುಜರಿಗೆ ಸೇರುವ ಮೊದಲು ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ರಸ್ತೆಯಲ್ಲಿ

ಗೇರ್ ಇಳಿಸಿ ವೇಗ ತಗ್ಗಿಸಿ, ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆಯಿರಿ. ಕಾರು ಓಡುತ್ತಿರುವಾಗ ಎಂಜಿನ್ ಆಫ್ ಮಾಡಬೇಡಿ. ನಿಂತ ಬಳಿಕ ಹೆದ್ದಾರಿ ಸಹಾಯವಾಣಿ 1033ಕ್ಕೆ, ಯಾರಿಗಾದರೂ ಗಾಯವಾಗಿದ್ದರೆ 112ಕ್ಕೆ ಕರೆ ಮಾಡಿ. ಅಪಘಾತವಾಗಿದ್ದರೆ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಗಾಯಾಳುಗಳಿಗೆ ಚಿಕಿತ್ಸೆ ಕೊಡಿಸುವುದು, ತಡವೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ. ಅಪಘಾತದ ವಾಹನವನ್ನು ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸಿದರೆ ಆ ವರದಿಯ ಪ್ರತಿ ಪಡೆಯಿರಿ. ಬ್ರೇಕ್ ಕೆಟ್ಟಿತ್ತೇ ಎಂಬ ಪ್ರಶ್ನೆಗೆ ಅದಕ್ಕಿಂತ ತೂಕದ ಸಾಕ್ಷಿ ಕಡಿಮೆ.

‘ಬ್ರೇಕ್ ಫೇಲ್ ಆಯಿತು’ ಎಂದ ಮಾತ್ರಕ್ಕೆ ಚಾಲಕ ಹೊಣೆಯಿಂದ ಪಾರಾಗುವುದಿಲ್ಲ. ಗೊತ್ತಿದ್ದ ದೋಷ ಅಥವಾ ಸಾಮಾನ್ಯ ಎಚ್ಚರಿಕೆಯಿಂದ ಗೊತ್ತಾಗಬಹುದಾಗಿದ್ದ ದೋಷ ಇರುವ ವಾಹನ ಓಡಿಸುವುದು ಅದೇ ಕಾಯ್ದೆಯ 190ನೇ ಕಲಮಿನಡಿ ಅಪರಾಧ. ಕಾಲಕಾಲಕ್ಕೆ ಸರ್ವೀಸ್ ಮಾಡಿಸಿದ ಬಿಲ್ಲುಗಳು ನಿಮ್ಮನ್ನು ಕಾಯುವುದು ಇಲ್ಲೇ.

ಹೊಣೆ ಯಾರದು?

ಸವೆದ ಪ್ಯಾಡ್, ಬದಲಿಸದೆ ಬಿಟ್ಟ ಬ್ರೇಕ್ ಆಯಿಲ್, ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಯೇ ಹಿಡಿದು ಕಾಯಿಸಿದ್ದು, ಇವುಗಳ ಖರ್ಚು ಮಾಲೀಕನದು. ಬ್ರೇಕ್ ಕೆಲಸ ಮಾಡಿಸಿದ ಕೆಲವೇ ದಿನಗಳಲ್ಲಿ ಅದೇ ಭಾಗ ಕೆಟ್ಟು, ಕೆಲಸ ಸರಿಯಾಗಿರಲಿಲ್ಲ ಎಂದು ತೋರಿಸಲು ಸಾಧ್ಯವಾದರೆ ಅದು ಸೇವಾ ನ್ಯೂನತೆ, ಗ್ಯಾರೇಜ್ ಉತ್ತರಿಸಬೇಕು. ವಾರಂಟಿಯೊಳಗೆ ತಯಾರಿಕೆಯ ದೋಷ ಕಂಡರೆ ಕಂಪನಿ ಹೊಣೆ. ಹಾಗೆಂದು ಪ್ರತಿ ಸಲ ಹೊಸ ಕಾರು ಸಿಗುವುದಿಲ್ಲ. ವಾರಂಟಿ ದುರಸ್ತಿಗಷ್ಟೇ ಸೀಮಿತವಾಗಿದ್ದರೆ ಕೆಟ್ಟ ಭಾಗ ಬದಲಿಸಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 2006ರ ಮಾರುತಿ ಉದ್ಯೋಗ್ ಪ್ರಕರಣದಲ್ಲಿ ಹೇಳಿದೆ.

ದೋಷ ಒಂದು ಕಾರಿನದ್ದಲ್ಲ, ಅದೇ ಬ್ಯಾಚಿನ ಎಲ್ಲ ಕಾರುಗಳದ್ದೂ ಆಗಿರಬಹುದು. 2022ರ ಅಕ್ಟೋಬರಿನಲ್ಲಿ ಮಾರುತಿ ಸುಜುಕಿ ಹಿಂಬದಿ ಬ್ರೇಕಿನ ಪಿನ್ ಕಾರಣಕ್ಕೆ 9,925 ವ್ಯಾಗನ್ ಆರ್, ಸೆಲೆರಿಯೊ, ಇಗ್ನಿಸ್ ಕಾರುಗಳನ್ನು ವಾಪಸು ಕರೆಸಿತ್ತು. ಹಣ ಕೊಡುವ ಮೊದಲು ನಿಮ್ಮ ಕಾರಿನ ಚಾಸಿಸ್ ನಂಬರ್ ಇಂಥ ಪಟ್ಟಿಯಲ್ಲಿದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ನೋಡಿ.

ಗ್ಯಾರೇಜಿನಲ್ಲಿ

ಬಿಚ್ಚುವ ಮೊದಲು ಫೋಟೊ, ವಿಡಿಯೊ ಮಾಡಿಕೊಳ್ಳಿ. ಜಾಬ್ ಕಾರ್ಡಿನಲ್ಲಿ ‘ಬ್ರೇಕ್ ಹಿಡಿಯಲಿಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಎಸ್ಟಿಮೇಟ್ ಕಾಗದದಲ್ಲೋ ವಾಟ್ಸ್ಆ್ಯಪಿನಲ್ಲೋ ಇರಲಿ. ಅದಕ್ಕಿಂತ ಹೆಚ್ಚಿನ ಕೆಲಸಕ್ಕೆ ನಿಮ್ಮನ್ನು ಕೇಳಬೇಕೆಂದು ಮೊದಲೇ ಬರೆದು ತಿಳಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾರಂಟಿಯಲ್ಲಿ ಬದಲಿಸಿದ ಭಾಗವನ್ನು ಕಂಪನಿ ಇಟ್ಟುಕೊಂಡರೆ ಫೋಟೊ ತೆಗೆದು, ಕಾರಣವನ್ನು ಬರಹದಲ್ಲಿ ಕೇಳಿ. ಬಿಲ್ ಕೊಡದಿರುವುದು ಗ್ರಾಹಕ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ.

ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ಹೋಯಿತು ಎಂಬ ಮಾತಿಗೆ ಹೆದರಬೇಡಿ. 14 ಕಾರು ಕಂಪನಿಗಳ ವಿರುದ್ಧದ 2014ರ ಆದೇಶದಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಹೊರಗಿನ ಕೆಟ್ಟ ಕೆಲಸದಿಂದ ಹಾನಿಯಾದಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು ಎಂಬ ನಿಲುವು ತಳೆದಿತ್ತು.

ಬಿಲ್ ವಿಪರೀತವೆನಿಸಿದರೆ ಜಗಳ ಬೇಡ. ಮಾಡಿದ ಕೆಲಸದ ನ್ಯಾಯವಾದ ಹಣ ಬರುವವರೆಗೆ ವಾಹನ ಹಿಡಿದಿಡುವ ಹಕ್ಕನ್ನು ಕರಾರು ಕಾಯ್ದೆಯ 170ನೇ ಕಲಮು ಗ್ಯಾರೇಜಿಗೆ ಕೊಟ್ಟಿದೆ. ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆದು ಹಣ ಕೊಟ್ಟು, ಕಾರು ಬಿಡಿಸಿಕೊಂಡು ದೂರು ಕೊಡಿ.

ವಿಮೆ

ಯಾಂತ್ರಿಕ ವೈಫಲ್ಯ, ಸವಕಳಿಗಳನ್ನು ಸಾಮಾನ್ಯ ಪಾಲಿಸಿ ಹೊರಗಿಡುತ್ತದೆ. ಕೆಟ್ಟ ಮಾಸ್ಟರ್ ಸಿಲಿಂಡರಿಗೆ ಹಣ ಬಾರದಿದ್ದರೂ, ಬ್ರೇಕ್ ತಪ್ಪಿ ಗುದ್ದಿದ್ದರಿಂದ ಆದ ಹಾನಿಗೆ ಸಮಗ್ರ ವಿಮೆಯಲ್ಲಿ ಕ್ಲೇಮು ಮಾಡಬಹುದು. ಆದ್ದರಿಂದ ಸರ್ವೇಯರ್ ನೋಡುವ ಮೊದಲು ರಿಪೇರಿ ಬೇಡ. ಕ್ಲೇಮು ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ. ಮೊದಲು ಕಂಪನಿಗೆ ದೂರು, ಬಳಿಕ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್.

ಆಯೋಗದ ಮುಂದೆ

ಮೊದಲು 15 ದಿನಗಳ ಗಡುವಿನ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಬಹುದು. ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಪಾವತಿಸಿದ ಮೊತ್ತ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ಗಡುವು 2 ವರ್ಷ. ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಹೊಟ್ಟೆಪಾಡಿಗೆ ತಾವೇ ಟ್ಯಾಕ್ಸಿ ಓಡಿಸುವವರೂ ಗ್ರಾಹಕರೇ.

ದೋಷ ತಯಾರಿಕೆಯದೇ ಎಂದು ತಿಳಿಯಲು ಆಯೋಗ ಬಿಡಿಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಕಳಿಸಲು ಆ ಭಾಗ ನಿಮ್ಮಲ್ಲಿರಬೇಕು. ದಾರಿ ತೋಚದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಅಥವಾ ನಿಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೆ ಹೋಗಿ. ಜೊತೆಗೆ ಜಾಬ್ ಕಾರ್ಡ್, ಬಿಲ್, ಫೋಟೊ, ಆ ಹಳೆಯ ಭಾಗ, ನಾಲ್ಕೂ ಇರಲಿ.