ನೀರು ಮುಟ್ಟಿತೇ ನೋಡಿ ಬರಿ, ತಂಗಿ

ತಂಗಿ, ಡಿಗ್ರಿ ಮುಗಿದ ಮೇಲೆ ಪತ್ರಕರ್ತೆ ಆಗ್ತೀನಿ ಅಂತ ನೀನು ಹೇಳಿದಾಗ ನಿಮ್ಮಪ್ಪನ ಮುಖ ಸಣ್ಣದಾಯಿತು. ನನಗೆ ಮಾತ್ರ ಖುಷಿಯಾಯಿತು. ಯಾದಗಿರಿ, ಶಹಾಪುರ, ಸುರಪುರ ಅಂತ ಸುದ್ದಿ ಹಿಂದೆ ತಿರುಗಿಯೇ ನನ್ನ ತಲೆ ಬೆಳ್ಳಗಾಗಿದೆ. ಅವತ್ತು ಎಲ್ಲರೆದುರು ಹೇಳಲಾಗದ ಮಾತುಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಾನು ಮಾಡಿದ ತಪ್ಪು ಕೇಳು. ಒಂದು ಹಿಂಗಾರಿನಲ್ಲಿ ಕಾಲುವೆಯ ನೀರು ಕೊನೆಯ ಹಳ್ಳಿಗಳನ್ನೂ ಮುಟ್ಟಿದೆ ಎಂದು ಫೋನಿನಲ್ಲಿ ಯಾರೋ ಹೇಳಿದರು. ಅದನ್ನೇ ಬರೆದೆ, ಅಚ್ಚಾಯಿತು. ಎರಡು ದಿನ ಬಿಟ್ಟು ಒಬ್ಬ ರೈತ ಬಂದ. ಒಂದು ಕೈಯಲ್ಲಿ ಪೇಪರು, ಇನ್ನೊಂದು ಕೈಯಲ್ಲಿ ಬೇರುಸಮೇತ ಕಿತ್ತ ಮೆಣಸಿನ ಗಿಡ. ಎಲೆಗಳೆಲ್ಲ ಮುದುಡಿ ಕಡ್ಡಿಯಾಗಿದ್ದವು, ಬೇರಿಗಂಟಿದ ಕರಿಮಣ್ಣು ನನ್ನ ಮೇಜಿನ ಮೇಲೆ ಪುಡಿಪುಡಿಯಾಗಿ ಉದುರಿತು. ಆತ ಸಿಟ್ಟಾಗಲಿಲ್ಲ. ‘ನೀವು ಬರದ ನೀರು ನಮ್ಮ ಹೊಲಕ್ಕ ಬಂದಿಲ್ರಿ ಸರ್’ ಅಂದ, ಅಷ್ಟೇ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ನಮ್ಮ ಭಾಗದ ದೊಡ್ಡ ಸುದ್ದಿ ಅಂದರೆ ನಾರಾಯಣಪುರದ ಬಸವಸಾಗರದಿಂದ ಹರಿಯುವ ಕೃಷ್ಣೆಯ ನೀರು. ಕೃಷ್ಣಾ ಮೇಲ್ದಂಡೆ ಯೋಜನೆ ರೂಪಿಸಿದ್ದು ಕಡಿಮೆ ನೀರು ಬೇಡುವ ಬೆಳೆಗಳಿಗೆ. ಆದರೆ ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು, ಕೆಳಗಿನವರು ಸರದಿಯ ಮೇಲೆ ನೀರು ಬಿಡುವ ವಾರಾಬಂದಿಯ ಚಾಲು-ಬಂದ್ ಲೆಕ್ಕ ಹಿಡಿದು ಕಾಲುವೆ ದಂಡೆ ಕಾಯುತ್ತ ಕುಳಿತರು. ಇದು ಪ್ರೆಸ್ ನೋಟಿನಲ್ಲಿ ಸಿಗುವುದಿಲ್ಲ. ಪ್ರೆಸ್ ನೋಟು ಸಿಕ್ಕರೆ ತಪ್ಪದೆ ಓದು, ಆದರೆ ಅದು ಸುದ್ದಿಯ ಮೊದಲ ಸಾಲು ಮಾತ್ರ ಎಂದು ತಿಳಿ.

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ನೋಡಿದ್ದೀಯಲ್ಲ? ಅರಸ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, 1840ರಿಂದ 1853ರವರೆಗೆ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಬಾತ್ಮೀದಾರರೂ ಆಗಿದ್ದರು. ಆಳುವವರೂ ಅವರೇ, ಬರೆಯುವವರೂ ಅವರೇ. ಒಳ್ಳೆಯ ಮನುಷ್ಯ, ಈ ಊರನ್ನು ಪ್ರೀತಿಸಿದವರು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಕಾಲದ ಸುರಪುರ ಇಂದಿಗೂ ನಮಗೆ ಹೆಚ್ಚಾಗಿ ಕಾಣುವುದು ಅವರ ಆತ್ಮಕಥೆಯ ಕಿಟಕಿಯಿಂದಲೇ. ಬೇಡರ ಕೇರಿಯ ಒಬ್ಬ ಹೆಣ್ಣುಮಗಳು ಆಗ ಏನೆಂದುಕೊಂಡಳು ಎಂದು ಯಾರೂ ಬರೆದಿಡಲಿಲ್ಲ. ಆ ಕೇರಿಯ ಭಾಷೆ ಬಲ್ಲ ನೀನು ಈಗ ಬರೆಯಬಲ್ಲೆ. ನೀನು ಈ ಕೆಲಸಕ್ಕೆ ಬರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯಕ್ಕೇ ಕಡಿಮೆ. ಅಂದರೆ ನೀನು ಯಾರ ಬಗ್ಗೆ ಬರೆಯುತ್ತೀಯೋ ಅವರಲ್ಲಿ ಎಷ್ಟೋ ಮಂದಿ ಅದನ್ನು ಓದಲಾರರು. ತಪ್ಪು ಬರೆದರೆ ಪೇಪರು ಹಿಡಿದು ಬಂದು ಕೇಳಲೂ ಅವರಿಂದಾಗದು. ಹಾಗಾಗಿ ಬರೆದದ್ದನ್ನು ಅಚ್ಚಿಗೆ ಕಳಿಸುವ ಮುಂಚೆ ಅವರೆದುರು ಓದಿ ಹೇಳು. ಹೆಸರು, ವಯಸ್ಸು, ಊರು ಎರಡೆರಡು ಸಲ ಕೇಳು. ಯಾದಗಿರಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಟ ಕುಟುಂಬ ಕಂಡರೆ ಫೋಟೊ ತೆಗೆಯುವ ಮೊದಲು ಪಕ್ಕದಲ್ಲಿ ಕೂತು ಮಾತಾಡು. ಅವರ ಜೊತೆಗಿರುವ ಕೂಸು ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿದೆ ಎಂದು ವಿಚಾರಿಸು. ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಹೆಸರು, ಮನೆ, ಶಾಲೆ ಯಾವುದನ್ನೂ ಬರೆಯಬೇಡ. ಪೋಕ್ಸೊ ಕಾಯ್ದೆ ಬೇಡ ಅನ್ನುತ್ತದೆ, ಕರುಳೂ ಬೇಡ ಅನ್ನಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಬೇಸರಿಸದೆ ಹಾಕು. ಉರ್ದು ಓದಲು ಕಲಿ, ನಿಜಾಮರ ಕಾಲದ ಜಮೀನಿನ ಕಾಗದಗಳು ಆ ಲಿಪಿಯಲ್ಲಿವೆ.

ಸಂಬಳದ ವಿಷಯ ಮುಚ್ಚಿಡುವುದಿಲ್ಲ. ತಾಲೂಕು ವರದಿಗಾರರಿಗೆ ಸಿಗುವುದು ಎಷ್ಟೋ ಕಡೆ ಪೆಟ್ರೋಲಿಗೂ ಸಾಲದು. ಜಾಹೀರಾತು ತಾ, ಕಮಿಷನ್ ತಗೋ ಅನ್ನುತ್ತಾರೆ. ಬೆಳಿಗ್ಗೆ ಯಾರ ಹುಟ್ಟುಹಬ್ಬದ ಜಾಹೀರಾತು ಕೇಳಿದ್ದೆಯೋ ಸಂಜೆ ಅವರ ಕಾಮಗಾರಿಯ ಬಗ್ಗೆ ಬರೆಯಲು ಕೈ ಏಳುವುದಿಲ್ಲ. ಕೈಯಲ್ಲಿ ಇನ್ನೊಂದು ಕೆಲಸ ಇಟ್ಟುಕೊ. ಟ್ಯೂಷನ್ ಹೇಳು, ಡಿಟಿಪಿ ಮಾಡು, ಹೊಲ ಇದ್ದರೆ ಬಿಡಬೇಡ. ನಿಮ್ಮಪ್ಪನಿಗೂ ಇದನ್ನೇ ಹೇಳುತ್ತೇನೆ, ಅವರ ಚಿಂತೆ ಸುಳ್ಳಲ್ಲ.

ಬೆಂಗಳೂರಿನ ಸ್ಟುಡಿಯೊಗೆ ಹೋಗಬೇಡ ಅನ್ನುವುದಿಲ್ಲ. ಎರಡು ವರ್ಷ ಇಲ್ಲಿ ತಿರುಗಿ ಹೋಗು. ಮುಂದಿನ ಸಲ ಕಾಲುವೆಗೆ ನೀರು ಬಿಟ್ಟರು ಅಂತ ಕೇಳಿದ ಕೂಡಲೇ ಬಸ್ಸು ಹತ್ತಿ ಕೊನೆಯ ಹಳ್ಳಿಗೆ ಹೋಗು. ಬಸ್ಸು ನಿಂತಲ್ಲಿಂದ ಹೊಲದವರೆಗೆ ನಡೆದು ಹೋಗು, ತೂಬಿನ ಬಾಯಲ್ಲಿ ಕೈಯಿಟ್ಟು ನೋಡು, ಆಮೇಲೆ ಬರಿ.