ಹಿಂದೆ ಬರುವವರಿಗೂ ಆಟವಿದೆ

ಚಿರಂಜೀವಿ ಸೋದರಳಿಯನಿಗೆ,

ಬೆಂಗಳೂರಿನಲ್ಲಿ ಆಫೀಸಿನ ಸ್ನೇಹಿತರ ಜೊತೆ ಗಾಲ್ಫ್ ಶುರುಮಾಡಿದ್ದೀಯೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ತುಂಬಾ ಸಂತೋಷವಾಯಿತು. ಸ್ವಿಂಗ್ ಹೇಗಿರಬೇಕು, ಕ್ಲಬ್ ಹಿಡಿಯುವುದು ಹೇಗೆ ಎಂದು ಹೇಳಿಕೊಡಲು ಕೋಚ್ ಇದ್ದಾರೆ, ಆ ವಿಷಯಕ್ಕೆ ನಾನು ಬರುವುದಿಲ್ಲ. ಆದರೆ ಡ್ರೈವಿಂಗ್ ರೇಂಜಿನಲ್ಲಿ ನೀನು ನಿನ್ನ ಪಾಡಿಗೆ ಚೆಂಡು ಹೊಡೆದುಕೊಂಡಿರಬಹುದು. ಕೋರ್ಸಿಗೆ ಕಾಲಿಟ್ಟ ಮೇಲೆ ಹಾಗಲ್ಲ. ಮುಂದೊಂದು ಗುಂಪು, ಹಿಂದೊಂದು ಗುಂಪು, ಪಕ್ಕದಲ್ಲಿ ಚೀಲ ಹೊತ್ತ ಕ್ಯಾಡಿ, ಆಚೆ ಫೇರ್‌ವೇ ಅಂಚಿನಲ್ಲಿ ಕಳೆ ಕೀಳುವ ಹೆಂಗಸರು. ಇವರ ನಡುವೆ ಹೇಗೆ ನಡೆದುಕೊಳ್ಳಬೇಕೆಂದು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ನಿನ್ನ ಹಾಗೆ ಹೊಸದಾಗಿ ಆಡುತ್ತಿರುವ ಬೇರೆಯವರೂ ಓದಲಿ ಎಂದು ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ಮೊದಲು ಸಮಯದ ಮಾತು. ಒಂದು ಲೆಕ್ಕ ಹಾಕು. ನಿಮ್ಮ ಫೋರ್‌ಬಾಲ್‌ನಲ್ಲಿ ಒಬ್ಬೊಬ್ಬರೂ 90 ಹೊಡೆತ ಹೊಡೆದರೆ ನಾಲ್ವರದು ಸೇರಿ 360. ಪ್ರತಿ ಹೊಡೆತಕ್ಕೂ ಬೇಕಾದದ್ದಕ್ಕಿಂತ ಬರೀ ಹತ್ತು ಸೆಕೆಂಡ್ ಹೆಚ್ಚು ತೆಗೆದುಕೊಂಡರೂ 3,600 ಸೆಕೆಂಡ್, ಅಂದರೆ ಪೂರ್ತಿ ಒಂದು ಗಂಟೆ. ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದ ಸುತ್ತು ಐದಕ್ಕೆ ಹೋಗುವುದು ಹೀಗೆ. ಕೆಟ್ಟ ಆಟದಿಂದ ಅಷ್ಟು ತಡವಾಗುವುದಿಲ್ಲ. ಕೆಟ್ಟದಾಗಿ ಆಡಿ ಬೇಗ ನಡೆಯುವವನ ಜೊತೆ ಆಡಲು ಎಲ್ಲರೂ ಒಪ್ಪುತ್ತಾರೆ. ನಾಲ್ಕು ಸಲ ಗಾಳಿಯಲ್ಲಿ ಕ್ಲಬ್ ಬೀಸಿ, ಗ್ಲೌಸ್ ಬಿಚ್ಚಿ ಹಾಕಿ, ಆಮೇಲೆ ಹೊಡೆಯುವವನನ್ನು ಮುಂದಿನ ಭಾನುವಾರ ಯಾರೂ ಕರೆಯುವುದಿಲ್ಲ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯವರು ಬೆನ್ನ ಹಿಂದೆ ಕಾಯುತ್ತಿರುವಾಗ ಎಲೆ ಮುಂದೆ ಕೂತು ಹರಟುವುದು ಎಷ್ಟು ತಪ್ಪೋ ಇದೂ ಅಷ್ಟೇ ತಪ್ಪು.

2019ರಲ್ಲಿ ಗಾಲ್ಫ್ ನಿಯಮಗಳನ್ನು ತಿದ್ದಿದವರಿಗೂ ಇದೇ ಚಿಂತೆಯಿತ್ತು. ಕಳೆದ ಚೆಂಡು ಹುಡುಕಲು ಮೊದಲಿದ್ದ ಐದು ನಿಮಿಷವನ್ನು ಮೂರಕ್ಕೆ ಇಳಿಸಿದರು. ನಿನ್ನ ಸರದಿ ಬಂದು ಹೊಡೆಯಲು ಅಡ್ಡಿಯಿಲ್ಲದಾಗ ನಲವತ್ತು ಸೆಕೆಂಡಿನೊಳಗೆ ಹೊಡೆದುಬಿಡು ಎಂದು ಸಲಹೆ ಕೊಟ್ಟರು. ಹೋಲ್‌ನಿಂದ ದೂರವಿದ್ದವನೇ ಮೊದಲು ಹೊಡೆಯಬೇಕೆಂಬ ಪದ್ಧತಿಯನ್ನು ಒಟ್ಟು ಹೊಡೆತಗಳ ಲೆಕ್ಕದ ಮೇಲೆ ಆಡುವ ಸ್ಟ್ರೋಕ್ ಪ್ಲೇಯಲ್ಲಿ ಸಡಿಲಿಸಿ, ಅಪಾಯವಿಲ್ಲದಿದ್ದರೆ ಸಿದ್ಧನಾದವನು ಹೊಡೆಯಲಿ ಎಂದರು. ಚೆಂಡು ಕಳೆದಿರಬಹುದು ಅನ್ನಿಸಿದರೆ ಅಲ್ಲಿಂದಲೇ ಇನ್ನೊಂದು ಪ್ರಾವಿಷನಲ್, ಅಂದರೆ ತಾತ್ಕಾಲಿಕ ಚೆಂಡು ಹೊಡೆದು ಮುಂದೆ ಹೋಗು. ಹುಡುಕಾಟ ಶುರುವಾದರೆ ಹಿಂದಿನವರಿಗೆ ಕೈ ಬೀಸಿ ದಾರಿ ಬಿಡು. ದಾರಿ ಬಿಡುವುದರಲ್ಲಿ ಅವಮಾನವೇನಿಲ್ಲ ಕಣೋ.

ಇನ್ನು ನೆಲ. ಹೋಲ್ ಇರುವ ಗ್ರೀನ್ ಮೇಲೆ ಎತ್ತರದಿಂದ ಬಿದ್ದ ಚೆಂಡು ಸಣ್ಣ ಗುಳಿ ಮಾಡುತ್ತದೆ. ಅದಕ್ಕೆ ಪಿಚ್ ಮಾರ್ಕ್ ಅನ್ನುತ್ತೇವೆ. ಎರಡು ಹಲ್ಲಿನ ಪುಟ್ಟ ಫೋರ್ಕ್ ಯಾವಾಗಲೂ ನಿನ್ನ ಜೇಬಿನಲ್ಲಿರಲಿ. ಹೊಸಬರು ಅದನ್ನು ಗುಳಿಯ ನಡುವಿಗೆ ಚುಚ್ಚಿ ಕೆಳಗಿನ ಮಣ್ಣನ್ನು ಮೀಟಿ ಮೇಲೆತ್ತುತ್ತಾರೆ. ನೋಡಲು ಸಮವಾದಂತೆ ಕಾಣುತ್ತದೆ, ಆದರೆ ಬೇರು ಕಿತ್ತು ಆ ಜಾಗ ಒಣಗಿ ಕಂದಾಗುತ್ತದೆ. ಅಂಚಿನಲ್ಲಿ ಚುಚ್ಚಿ, ಸುತ್ತಲಿನ ಹುಲ್ಲನ್ನು ನಾಲ್ಕೂ ಕಡೆಯಿಂದ ನಡುವಿಗೆ ತಳ್ಳಿ, ಪಟರ್‌ನ ತಳದಿಂದ ಮೆಲ್ಲಗೆ ತಟ್ಟಬೇಕು. ಕೂಡಲೇ ಹೀಗೆ ಮಾಡಿದರೆ ಕೆಲವು ದಿನಗಳಲ್ಲಿ ಹುಲ್ಲು ಕೂಡಿಕೊಳ್ಳುತ್ತದೆ, ಬಿಟ್ಟರೆ ವಾರಗಟ್ಟಲೆ ಗಾಯ. ನಿನ್ನದನ್ನು ಮುಚ್ಚಿದ ಮೇಲೆ ಬೇರೆ ಯಾರೋ ಬಿಟ್ಟುಹೋದ ಇನ್ನೊಂದನ್ನೂ ಮುಚ್ಚು. ಫೇರ್‌ವೇಯಲ್ಲಿ ಕಿತ್ತುಬಂದ ಹುಲ್ಲುಹೆಂಟೆಯ ಜಾಗಕ್ಕೆ ಮರಳು ತುಂಬಿ ಕಾಲಿನಿಂದ ಒತ್ತು. ಮರಳಿನ ಬಂಕರ್‌ಗೆ ತಗ್ಗಿನ ಕಡೆಯಿಂದ ಇಳಿ, ಹೊರಬರುವಾಗ ಹೆಜ್ಜೆ ಗುರುತು ಉಳಿಯದಂತೆ ರೇಕ್ ಎಳೆ. ನೆಲದ ಬಗ್ಗೆ ಇಷ್ಟು ಹೇಳಲು ಕಾರಣವಿದೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಇಂದಿಗೂ ಊರಿನ ನಡುವೆ ಆ ಹಸಿರು ಉಳಿದಿದೆ. ಮಕ್ಕಳಿಗೆ ಆಟದ ಬಯಲೇ ಸಿಗದ ಊರಿನಲ್ಲಿ ಅಷ್ಟು ನೆಲ, ಅಷ್ಟು ನೀರು ನಮ್ಮ ಆಟಕ್ಕೆ ಸಿಗುತ್ತಿದೆ ಎಂಬುದು ನಮಗೆ ನೆನಪಿರಬೇಕು.

ಅಪಾಯದ ವಿಷಯದಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಗಾಲ್ಫ್ ಚೆಂಡಿನ ತೂಕ ಸುಮಾರು 46 ಗ್ರಾಂ. ಡ್ರೈವರ್‌ನಿಂದ ಹೊಡೆದರೆ ಸಾಧಾರಣ ಆಟಗಾರನ ಚೆಂಡೂ ಗಂಟೆಗೆ 200 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಹೊರಡುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಚೆಂಡು ಅಡ್ಡಾದಿಡ್ಡಿ ಹೋಯಿತೆಂದರೆ ಸಂಕೋಚ ಬಿಟ್ಟು ‘ಫೋರ್’ ಎಂದು ಗಟ್ಟಿಯಾಗಿ ಕೂಗು. ನಿನಗೇ ಆ ಕೂಗು ಕೇಳಿಸಿದರೆ ಎಲ್ಲಿಂದ ಬಂತೆಂದು ತಲೆಯೆತ್ತಿ ನೋಡಬೇಡ, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗು. ಇನ್ನೊಂದು ಮಾತು: ನಿನಗೆ ಬೆನ್ನು ಹಾಕಿ ಕಳೆ ಕೀಳುತ್ತಿರುವವರಿಗೆ ನಿನ್ನ ಕೂಗು ಅರ್ಥವಾಗದೆ ಹೋಗಬಹುದು. ಅವರು ಬದಿಗೆ ಸರಿಯುವ ತನಕ ಹೊಡೆಯಲೇಬೇಡ. ಅವರು ಕೆಲಸದ ಮೇಲಿದ್ದಾರೆ, ನೀನು ಆಟದ ಮೇಲಿದ್ದೀಯ. ಕಾಯಬೇಕಾದವನು ನೀನು.

ಜೊತೆಗೆ ಆಡುವವರ ವಿಷಯ ಹೆಚ್ಚೇನಿಲ್ಲ. ಒಬ್ಬರು ಪಟ್ ಮಾಡುವಾಗ ಮಾತು ಬೇಡ, ಅವರ ಚೆಂಡು ಹೋಲ್ ಕಡೆ ಉರುಳುವ ಗೆರೆ ತುಳಿಯಬೇಡ, ಬೆಳಗಿನ ಉದ್ದ ನೆರಳು ಹೋಲ್ ಮೇಲೆ ಬೀಳದಂತೆ ನಿಲ್ಲು. ಫೋನ್ ಚೀಲದೊಳಗಿರಲಿ. ಕೇಳದವರಿಗೆ ಪಾಠ ಹೇಳಬೇಡ. ಹೆಣ್ಣುಮಕ್ಕಳ ಜೊತೆ ಆಡುವಾಗ ಈ ಚಾಳಿ ಗಂಡಸರಿಗೆ ಜಾಸ್ತಿ. ತಾನು ಹೊಡೆದ ತಕ್ಷಣ, ಮುಂದಿರುವ ಅವರ ಟೀ ದಾಟಿ ಮುಂದೆ ನಡೆದುಬಿಡುವವರೂ ಇದ್ದಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಅದಿತಿ ಅಶೋಕ್ ಬೆಂಗಳೂರಿನ ಹುಡುಗಿ ಎಂಬುದು ಅಂಥವರಿಗೆ ನೆನಪಿದ್ದರೆ ಸಾಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತು. 1925ರ ಯು.ಎಸ್. ಓಪನ್‌ನಲ್ಲಿ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಹೊಡೆಯಲು ನಿಂತಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಅವರೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡರು. ಆ ಒಂದು ಹೊಡೆತದಿಂದಾಗಿ ಇನ್ನೊಬ್ಬ ಆಟಗಾರನ ಜೊತೆ ಸಮನಾಗಿ, ಪ್ಲೇ-ಆಫ್‌ನಲ್ಲಿ ಸೋತರು. ಈ ಕಥೆಯನ್ನು ಕ್ಲಬ್‌ಗಳಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ನಮ್ಮ ಕಡೆ ನಡೆಯುವ ಮೋಸ ಆಟಗಾರನೊಬ್ಬನದೇ ಅಲ್ಲ. ಉದ್ದ ಹುಲ್ಲಿನ ರಫ್‌ನಲ್ಲಿ ಬಿದ್ದ ಚೆಂಡನ್ನು ಕಾಲಿನಿಂದ ಒಳ್ಳೆಯ ಹುಲ್ಲಿಗೆ ಸರಿಸು ಎಂದು ಕ್ಯಾಡಿಗೆ ಕಣ್ಸನ್ನೆ ಮಾಡುವವರನ್ನು ನಾನು ಕಂಡಿದ್ದೇನೆ. ನಮ್ಮಲ್ಲಿ ಬಹುತೇಕ ಕ್ಯಾಡಿಗಳಿಗೆ ತಿಂಗಳ ಸಂಬಳವಿಲ್ಲ. ಚೀಲ ಹೊತ್ತ ದಿನ ದುಡ್ಡು, ಮಳೆ ಹಿಡಿದ ದಿನ ಏನೂ ಇಲ್ಲ. ಆಗುವುದಿಲ್ಲ ಸಾರ್ ಎಂದು ಅವನು ಹೇಗೆ ಅಂದಾನು? ನೀನು ನಿನ್ನ ಕಾರ್ಡಿನಲ್ಲಿ ಸುಳ್ಳು ಬರೆದುಕೊಂಡರೆ ಅದು ನಿನ್ನ ಪಾಪ. ಆ ಮೋಸವನ್ನು ಬಡವನ ಕಾಲಿನಿಂದ ಮಾಡಿಸುವುದು ನೀಚತನ.

2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಸಿ. ಮುನಿಯಪ್ಪ ಮೊದಲು ಕ್ಯಾಡಿಯಾಗಿದ್ದವರು. ನಿನ್ನ ಚೀಲ ಹೊತ್ತವನಿಗೆ ಗ್ರೀನ್‌ನ ಇಳಿಜಾರು ನಿನಗಿಂತ ಚೆನ್ನಾಗಿ ಗೊತ್ತು. ‘ಏಯ್’ ಎಂದು ಕರೆಯಬೇಡ. ಹೆಸರು ಕೇಳು, ವಯಸ್ಸಾದವರಾದರೆ ಬಹುವಚನದಲ್ಲಿ ಮಾತಾಡು. ಅವರು ಕೊಟ್ಟ ಕ್ಲಬ್‌ನಿಂದ ಚೆಂಡು ನೀರಿಗೆ ಬಿದ್ದರೆ ಅವರ ಮೇಲೆ ರೇಗಬೇಡ, ಹೊಡೆದವನು ನೀನು. ಒಂಬತ್ತು ಹೋಲ್ ಮುಗಿಸಿ ಕಾಫಿಗೆ ನಿಂತಾಗ ಅವರಿಗೂ ಕಾಫಿ, ತಿಂಡಿ ಹೇಳು. ಕೊನೆಗೆ ಕೊಡುವ ದುಡ್ಡು ಬೆಟ್‌ನಲ್ಲಿ ಸೋತೆಯೆಂದು ಕಡಿಮೆಯಾಗದಿರಲಿ.

ದಸರಾ ರಜೆಗೆ ಮೈಸೂರಿಗೆ ಬಾ. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಇಬ್ಬರೂ ಒಂದು ಸುತ್ತು ಆಡೋಣ. ನಮ್ಮ ಟೀ ಟೈಮ್ ಬೆಳಿಗ್ಗೆ ಆರೂವರೆ ಅಂದರೆ ನೀನು ಆರೂಕಾಲಿಗೆ ಅಲ್ಲಿರಬೇಕು.

ಇಂತಿ ನಿನ್ನ ಪ್ರೀತಿಯ,
ಮಾವ